ಹೊಳೆ ಈಚೆ, ಹೊಳೆ ಆಚೆ: ಶಿವಮೊಗ್ಗದಲ್ಲಿ ನನ್ನ ಮೂರು ಬಾಡಿಗೆ ಮನೆಗಳು

ಬೆಂಗಳೂರು ಬಿಟ್ಟು ಶಿವಮೊಗ್ಗಕ್ಕೆ ಬಂದಿದ್ದು 2020ರ ಡಿಸೆಂಬರಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂರು ಮನೆ ಆಯಿತು. ಮೊದಲು ಕೋಟೆ ಹತ್ತಿರ, ಆಮೇಲೆ ತುಂಗೆ ದಾಟಿ ವಿದ್ಯಾನಗರ, ಈಗ ವಿನೋಬನಗರ. ಮೂರೂ ಕಡೆ ಹಾಲು ಉಕ್ಕಿಸಿದ್ದೇನೆ. ಎರಡು ಕಡೆ ಬಿಡುವಾಗ ಸುಣ್ಣಬಣ್ಣದ ದುಡ್ಡಿಗೆ ಜಗಳವನ್ನೂ ಆಡಿದ್ದೇನೆ.

ಕೋಟೆಯ ಮನೆಯಿಂದ ಶಿವಪ್ಪ ನಾಯಕನ ಅರಮನೆಗೆ ಐದು ನಿಮಿಷದ ನಡಿಗೆ. ಹೆಂಚಿನ ಮಾಡು, ಕೆಂಪು ಗಾರೆ ನೆಲ. ಬಾಡಿಗೆ 6,500, ಅಡ್ವಾನ್ಸ್ 40 ಸಾವಿರ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ ಬಂದವನಿಗೆ ಇದು ಪುಕ್ಕಟೆ ಅನ್ನಿಸಿತು. ಚೀಲ ಹಿಡಿದು ಹೊರಟರೆ ಗಾಂಧಿಬಜಾರ್, ಸಂಜೆ ಕಿಟಕಿ ತೆಗೆದರೆ ಹೊಳೆಗಾಳಿ. ಇನ್ನೇನು ಬೇಕು ಅಲ್ವಾ?

ಒಂದು ಮಾತ್ರ ವಿಚಿತ್ರ. ಗೋಡೆಗೆ ಸೊಂಟದೆತ್ತರದವರೆಗೆ ಮಾತ್ರ ಹೊಸ ಬಣ್ಣ, ಮೇಲೆ ಹಳೆಯದು. ಜಿಪುಣ ಓನರ್ ಅಂದುಕೊಂಡೆ. ಎದುರುಮನೆ ಅಜ್ಜಿ ನಕ್ಕು, "ಅದು ಹತ್ತೊಂಬತ್ತರ ನೀರು ಮಾರಾಯ" ಅಂದರು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ದಡದ ತಗ್ಗು ಬೀದಿಗಳಿಗೆ ನುಗ್ಗಿತ್ತು. ಮೇಲಿರುವ ಗಾಜನೂರಿನ ಅಣೆಕಟ್ಟೆ ಸಣ್ಣದು. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹೊಡೆದರೆ ಹಿಡಿದಿಟ್ಟುಕೊಳ್ಳಲು ಅಲ್ಲಿ ಜಾಗವೇ ಇಲ್ಲ, ಬಂದ ನೀರನ್ನು ಬಿಡಲೇಬೇಕು. ಮನೆ ತೋರಿಸಿದ ಬ್ರೋಕರ್ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಮಳೆಗಾಲದಲ್ಲಿ ಹೊಳೆಯೊಳಗಿನ ಕೋರ್ಪಲಯ್ಯನ ಮಂಟಪ ಮುಳುಗಿತೆಂದರೆ ಊರಿನವರು ಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಾರೆ. ನಾನೂ ಹೋಗುತ್ತಿದ್ದೆ, ಫ್ರಿಡ್ಜ್ ಕೆಳಗೆ ಎಷ್ಟು ಇಟ್ಟಿಗೆ ಇಡಬೇಕು ಅಂತ ಅಂದಾಜು ಮಾಡಲು! ಎರಡು ಮಳೆಗಾಲ ಹಾಗೇ ಕಳೆದವು. ಒಮ್ಮೆಯೂ ನೀರು ಒಳಗೆ ಬರಲಿಲ್ಲ. ಆದರೆ ನಿದ್ದೆಯೂ ಬರಲಿಲ್ಲ.

ವಿದ್ಯಾನಗರದ್ದು ತಾರಸಿ ಮನೆ, ಎರಡು ರೂಮು, 9,000. ಸಹ್ಯಾದ್ರಿ ಕಾಲೇಜು ಹತ್ತಿರವಿದ್ದುದರಿಂದ ಹುಡುಗರ ಮೆಸ್‌ಗಳಲ್ಲಿ ಊಟ ಸಲೀಸು. ಮನೆ ಬಗ್ಗೆ ದೂರಿಲ್ಲ, ದಾರಿಯದ್ದೇ ತೊಂದರೆ. ಆಗಿನ್ನೂ ದುಂಡನೆಯ ರೈಲ್ವೆ ಮೇಲ್ಸೇತುವೆ ಆಗಿರಲಿಲ್ಲ. ಗೇಟ್ ಬಿತ್ತೆಂದರೆ ಬೈಕ್ ಆಫ್ ಮಾಡಿ ರೈಲಿಗೆ ಕಾಯುವುದು, ಆಮೇಲೆ ತುಂಗಾ ಸೇತುವೆಯ ಮೇಲೆ ಲಾರಿಗಳ ಹಿಂದೆ ತೆವಳುವುದು. ಈಗ ಮೇಲ್ಸೇತುವೆ ಆಗಿದೆ, ನಾನು ಅಲ್ಲಿಲ್ಲ!

ಅಲ್ಲಿ ಕಲಿತದ್ದು ಮೀಟರ್ ಪಾಠ. ಕೆಳಗೆ ಓನರ್, ಮೇಲೆ ನಾವು, ಇಬ್ಬರಿಗೂ ಒಂದೇ ಕರೆಂಟ್ ಮೀಟರ್. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ಸಿಗುತ್ತದೆ ಅಂತ ಖುಷಿಪಟ್ಟೆ. ಬೇರೆ ಮೀಟರೇ ಇಲ್ಲದ ಮೇಲೆ ಎಲ್ಲಿಂದ ಸಿಗಬೇಕು? ಓನರ್ ಮಾತ್ರ ತಿಂಗಳಿಗೆ 800 ರೂಪಾಯಿ ಕರೆಂಟಿಗೆ ಅಂತ ತೆಗೆದುಕೊಳ್ಳುತ್ತಲೇ ಇದ್ದರು.

ವಿನೋಬನಗರದಲ್ಲಿ 12,000 ಕೊಡುತ್ತಿದ್ದೇನೆ. ರಸ್ತೆ ಅಗಲ, ರೈಲ್ವೆ ಸ್ಟೇಷನ್ ಹತ್ತಿರ, ಸಂಜೆ ಪೊಲೀಸ್ ಚೌಕಿ ಕಡೆ ಹೋದರೆ ಬಿಸಿ ಬಜ್ಜಿ. ಪ್ರತ್ಯೇಕ ಮೀಟರ್ ಕೂಡ ಇದೆ, ಅದನ್ನು ಕೇಳಿಯೇ ಒಳಗೆ ಕಾಲಿಟ್ಟೆ. "ಆರು ಲಕ್ಷ ಕೊಟ್ಟು ಭೋಗ್ಯಕ್ಕೆ ಬನ್ನಿ, ಬಾಡಿಗೆ ತಲೆನೋವೇ ಇಲ್ಲ" ಅಂತ ಓನರ್ ಆಗಾಗ ಕರೆಯುತ್ತಾರೆ. ಮನೆ ಮೇಲೆ ಸಾಲ ಇದೆಯಾ ಅಂತ ಪತ್ರ ನೋಡದೆ, ಕರಾರು ನೋಂದಣಿ ಆಗದೆ ಅಷ್ಟು ದುಡ್ಡು ಕೊಡುವ ಧೈರ್ಯ ನನಗಿಲ್ಲ.

ಲೆಕ್ಕ ಹಾಕಿದರೆ ವಿನೋಬನಗರವೇ ಗೆಲ್ಲುತ್ತದೆ. ಸಂಸಾರಸ್ಥರು ಕೇಳಿದರೆ ಅದನ್ನೇ ಹೇಳುತ್ತೇನೆ. ಓದುವವರಿಗೆ, ಭದ್ರಾವತಿ ಕಡೆ ಕೆಲಸ ಇರುವವರಿಗೆ ಮೊದಲು ವಿದ್ಯಾನಗರದಲ್ಲಿ ಹುಡುಕಿ ಅನ್ನುತ್ತೇನೆ, ಹೊಳೆಗೆ ತೀರಾ ಹತ್ತಿರದ ಬೀದಿ ಬಿಟ್ಟು.

ಆದರೆ ಇಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಭಾನುವಾರ ತರಕಾರಿ ನೆಪದಲ್ಲಿ ಗಾಂಧಿಬಜಾರಿಗೆ ಹೋಗಿ, ಸುಮ್ನೆ ಕೋಟೆ ರಸ್ತೆ ಸುತ್ತಿ ಬರುತ್ತೇನೆ. ಅಜ್ಜಿಗೆ ಹೇಳಿಟ್ಟಿದ್ದೇನೆ: ಆ ಬೀದಿಯಲ್ಲಿ ಮಹಡಿ ಮೇಲಿನ ಮನೆ ಖಾಲಿಯಾದರೆ ಮೊದಲು ನನಗೇ ಫೋನ್ ಮಾಡಬೇಕು.