ಹೊಗೆಯ ದಿನಗಳಿಗೆ ಮನೆಯಲ್ಲೊಂದು ಪಿಎಂ 2.5 ಮೀಟರ್

ನಮ್ಮ ಅಮ್ಮನಿಗೆ ದಮ್ಮಿನ ತೊಂದರೆ ಇದೆ. ಬೇಸಗೆಯಲ್ಲಿ ಚಾರ್ಮಾಡಿ ಕಡೆಯ ಗುಡ್ಡಗಳಿಗೆ ಬೆಂಕಿ ಬಿತ್ತೆಂದು ಸುದ್ದಿ ಬಂದರೆ, ಮಂಗಳೂರಿನ ಕುಲಶೇಖರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಿಟಕಿ ತೆರೆಯುವುದೋ ಬೇಡವೋ ಎಂಬುದೇ ಚಿಂತೆ. ಅದಕ್ಕಾಗಿಯೇ ಗಾಳಿಯಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳನ್ನು ಅಳೆಯುವ ಈ ಅಂಗೈಯಗಲದ ಮೀಟರನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಆದರೆ ಪರದೆಯ ಬಣ್ಣವನ್ನು ನಂಬಬೇಡಿ. ಇದು ಎಕ್ಯೂಐಗೆ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕಕ್ಕೆ, ಅಮೆರಿಕದ ಲೆಕ್ಕ ಹಿಡಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ನಮ್ಮ ದೇಶದ ಲೆಕ್ಕದಲ್ಲಿ ಎಕ್ಯೂಐ 100, ಅಂದರೆ ‘ತೃಪ್ತಿಕರ’. ಅದೇ ಗಾಳಿಗೆ ಅಮೆರಿಕದವರ ಲೆಕ್ಕ 150 ದಾಟಿ ಕೆಂಪಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ನಮ್ಮ ಊರಿನ ಕದ್ರಿಯ ಮಾಪನ ಕೇಂದ್ರದ ಎಕ್ಯೂಐ ಸಿಗುತ್ತದೆ. ಅದು 24 ಗಂಟೆಗಳ ಸರಾಸರಿ. ಮುಂಜಾನೆ ನುಗ್ಗಿದ ಹೊಗೆ ಅದರಲ್ಲಿ ಕೂಡಲೇ ಎದ್ದು ಕಾಣದು. ಹಾಗಾಗಿ ಆ್ಯಪ್‌ನ ಎಕ್ಯೂಐಯನ್ನೂ ಮೀಟರಿನ ಎಕ್ಯೂಐಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಲೆ ಕೆಡುವುದೊಂದೇ ಲಾಭ. ನಾನು ನೋಡುವುದು ಪರದೆಯ ಕೆಳಗಿರುವ ಮೈಕ್ರೋಗ್ರಾಂ ಅಂಕಿಯನ್ನು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ದಿನದ ಸರಾಸರಿಗೆ ಇಟ್ಟ ಮಿತಿ 15, ನಮ್ಮ ದೇಶದ್ದು 60. ಅಮ್ಮನ ವಿಷಯದಲ್ಲಿ ನಾನು 60ರವರೆಗೆ ಕಾಯುವುದಿಲ್ಲ, 35 ದಾಟಿದ ಕೂಡಲೇ ಕಿಟಕಿ ಹಾಕುತ್ತೇನೆ.

ಮೀಟರಿನೊಳಗೆ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ, ಕಣಗಳ ಮೇಲೆ ಬಿದ್ದು ಚೆದುರಿದ ಲೇಸರ್ ಬೆಳಕಿನಿಂದ ಅಂಕಿ ಅಂದಾಜಾಗುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಕಣಗಳು ಉಬ್ಬುವುದರಿಂದ ಅಂಕಿಯೂ ಉಬ್ಬುತ್ತದೆ. ಕಾಡ್ಗಿಚ್ಚಿನ ಹೊಗೆಯಲ್ಲೂ ಇಂಥ ಸೆನ್ಸರ್‌ಗಳು ಹೆಚ್ಚೇ ತೋರಿಸುತ್ತವೆ; ಅಮೆರಿಕದ ಪರಿಸರ ಸಂಸ್ಥೆ ತನ್ನ ಹೊಗೆ ನಕ್ಷೆಗೆ ಇವುಗಳ ಅಂಕಿಯನ್ನು ತೇವಾಂಶ ಲೆಕ್ಕಹಾಕಿ ತಿದ್ದಿಯೇ ಸೇರಿಸುತ್ತದೆ. ನಮ್ಮ ಮೀಟರಿಗೆ ಆ ತಿದ್ದುಪಡಿ ಇಲ್ಲ. ಹಾಗಾಗಿ ಒಂದು ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ.

ಇಲ್ಲೇ ಇದು ನಿಜವಾಗಿ ಉಪಕಾರಕ್ಕೆ ಬಂದದ್ದು. ರಾತ್ರಿ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುವಾಗ ಅಂಕಿ ಮೇಲೇರಿ ಬೆಳಗಿನವರೆಗೂ ನಿಲ್ಲುತ್ತದೆ, ಮಧ್ಯಾಹ್ನ ಕಡಲ ಗಾಳಿ ಶುರುವಾದ ಮೇಲೆ ಇಳಿಯುತ್ತದೆ. ಅಮ್ಮನ ವಾಕಿಂಗ್ ಈಗ ಬೆಳಿಗ್ಗೆಯ ಬದಲು ಸಂಜೆಗೆ. ಅವರ ರಾತ್ರಿಯ ಕೆಮ್ಮು ಕಡಿಮೆಯಾಗಿದೆ, ನನಗೆ ಅಷ್ಟು ಸಾಕು.

ಹೊಗೆ ಕಾಡಿನದೋ, ಪಕ್ಕದ ಹಿತ್ತಿಲಲ್ಲಿ ಸುಡುಮಣ್ಣು ಮಾಡುವವರದೋ ಎಂದು ಇದು ಹೇಳುವುದಿಲ್ಲ. ಕಾರ್ಬನ್ ಮಾನಾಕ್ಸೈಡನ್ನು ಅಳೆಯುವುದೂ ಇಲ್ಲ, ಬಚ್ಚಲ ಒಲೆಯ ಹತ್ತಿರ ಇಟ್ಟು ಧೈರ್ಯ ತೆಗೆದುಕೊಳ್ಳಬೇಡಿ. ಒಗ್ಗರಣೆ ಹಾಕಿದರೂ ಅಂಕಿ ನೂರರ ಆಚೆ ಜಿಗಿಯುವುದರಿಂದ ಅಡುಗೆಮನೆಯೂ ಬೇಡ. ನಮ್ಮದು ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲಿದೆ. ಬ್ಯಾಟರಿ ಬೇಗ ಮುಗಿಯುತ್ತದೆ, ಚಾರ್ಜರ್ ಸಿಕ್ಕಿಸಿಯೇ ಇಡಿ.