ಎಳನೀರು, ಗಂಜಿ, ಕಾಯಿಹಾಲು: ಮನೆಯಲ್ಲಿ ಯಾವ ಪಾನೀಯಕ್ಕೆ ಯಾವುದು?

ಮನೆಯಲ್ಲಿ ತೆಂಗಿನ ಪಾನೀಯ ಮಾಡಬೇಕು ಅಂದಾಗ ಹೆಚ್ಚಿನವರು ಯಾವ ಹಣ್ಣು ಸೇರಿಸಲಿ, ಯಾವ ರಮ್ ತರಲಿ ಅಂತ ಶುರು ಮಾಡುತ್ತಾರೆ. ಅದು ಆಮೇಲಿನ ಮಾತು. ಎಳನೀರಿನ ನೀರು ಬೇಕೋ, ಒಳಗಿನ ಗಂಜಿ ಬೇಕೋ, ಬಲಿತ ಕಾಯಿಯ ಹಾಲು ಬೇಕೋ, ಇದು ಮೊದಲು ತೀರ್ಮಾನವಾಗಬೇಕು. ಒಂದೇ ಮರದ್ದಾದರೂ ಮೂರರ ಸ್ವಭಾವ ಬೇರೆ ಬೇರೆ. ನೀರು ಬಹಳ ನಾಜೂಕು, ಯಾವುದನ್ನು ಸೇರಿಸಿದರೂ ಅದರಡಿ ಮುಚ್ಚಿಹೋಗುತ್ತದೆ. ಗಂಜಿ ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತದೆ. ಹಾಲಿನಲ್ಲಿ ಕೊಬ್ಬು ಜಾಸ್ತಿ, ತುಂಬಾ ತಣ್ಣಗಾದರೆ ಹಟ ಮಾಡುತ್ತದೆ. ಬೇಸಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಇವನ್ನು ಎದುರುಬದುರು ಇಟ್ಟು ರುಚಿ ನೋಡುತ್ತಾ ಬಂದಿದ್ದೇವೆ, ಮದ್ಯ ಹಾಕಿಯೂ, ಹಾಕದೆಯೂ.

ಮೊದಲು ಗಾಡಿಯ ಎಳನೀರು ಮತ್ತು ಅಂಗಡಿಯ ಪ್ಯಾಕೆಟ್. ಸುಮ್ನೆ ಹಾಗೇ ಕುಡಿಯುವುದಾದರೆ ಇದು ಸ್ಪರ್ಧೆಯೇ ಅಲ್ಲ. ಪ್ಯಾಕೆಟ್ಟಿನದು ಕೆಡದಿರಲಿ ಅಂತ ಸಾಮಾನ್ಯವಾಗಿ ಬಿಸಿ ಮಾಡಿದ್ದಾಗಿರುತ್ತದೆ, ಹಾಗಾಗಿ ಒಂಥರಾ ಬೇಯಿಸಿದ ವಾಸನೆ ಉಳಿದುಬಿಡುತ್ತದೆ. ಕೆಲವದರಲ್ಲಿ ಸಕ್ಕರೆಯೂ ಇರುತ್ತದೆ, ಹಿಂದಿನ ಚೀಟಿ ಓದಿ ಕೊಳ್ಳಿ. ಆದರೆ ನಿಂಬೆ, ಶುಂಠಿ, ಪುದೀನ ಹಾಕಿ ಜಗ್ಗಿನ ತುಂಬ ಶರಬತ್ತು ಮಾಡುವಾಗ ಪ್ಯಾಕೆಟ್ ಕೂಡ ನಡೆಯುತ್ತದೆ, ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಈಗ ಒಂದು ಎಳನೀರಿಗೆ 60, 70 ರೂಪಾಯಿ ಕೊಡಬೇಕಾದ ಹೊತ್ತಿನಲ್ಲಿ ಹತ್ತು ಜನಕ್ಕೆ ಶರಬತ್ತು ಮಾಡುವವರು ಅರ್ಧ ಎಳನೀರು, ಅರ್ಧ ಪ್ಯಾಕೆಟ್ ಬೆರೆಸಿದರೆ ನಾನಂತೂ ತಪ್ಪು ಹೇಳುವುದಿಲ್ಲ.

ಗಾಡಿಯವರ ಹತ್ತಿರ ಸರಿಯಾಗಿ ಕೇಳುವುದು ಮುಖ್ಯ. ಬರೀ "ಒಂದು ಎಳನೀರು ಕೊಡಿ" ಅಂದರೆ ಕೈಗೆ ಸಿಕ್ಕಿದ್ದು ಬರುತ್ತದೆ. ಶರಬತ್ತಿಗೆ "ಅಣ್ಣಾ, ನೀರು ಜಾಸ್ತಿ ಇರೋದು ಕೊಡಿ" ಅನ್ನಿ. ಮಿಕ್ಸಿಗೆ ಹಾಕುವುದಾದರೆ "ತೆಳು ಗಂಜಿ ಇರೋದು ಬೇಕು, ಗಂಜಿನೂ ಕವರಿಗೆ ಹಾಕಿಕೊಡಿ" ಅನ್ನಿ. ಕಾಯಿ ಕಟ್ಟಿ ಏಳು ತಿಂಗಳ ಸುಮಾರಿಗೆ ನೀರು ಚೆನ್ನಾಗಿ ಸಿಹಿಯಾಗಿರುತ್ತದೆ, ಗಂಜಿ ಆಗ ತಾನೇ ಲೋಳೆಯಾಗಿ ಕೂರುತ್ತಿರುತ್ತದೆ. ಅಲ್ಲಿಂದ ಮುಂದೆ ಗಂಜಿ ದಪ್ಪವಾದಂತೆ ನೀರಿನ ಸಿಹಿ ಇಳಿಯುತ್ತದೆ. ಮದ್ದೂರಿನ ಕಡೆಯಿಂದ ಲೋಡುಗಟ್ಟಲೆ ಬರುವ ಎಳನೀರನ್ನು ಕೈಯಲ್ಲಿ ತಟ್ಟಿ, ತೂಗಿ, ಒಳಗೇನಿದೆ ಅಂತ ಹೇಳುವವರು ಗಾಡಿಯವರೇ. ಅವರ ಮಾತು ನಂಬಿ.

ಮನೆಗೆ ತಂದ ಮೇಲೆ ಎರಡು ವಿಷಯ. ಎಳನೀರನ್ನು ಸ್ವಲ್ಪ ಹೊತ್ತು ಬಿಟ್ಟರೆ ಕೆಲವೊಮ್ಮೆ ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ, ಅಲ್ವಾ? ಅದು ಗಾಳಿ ತಗುಲಿ ಆಗುವ ಬದಲಾವಣೆ, ಕತ್ತರಿಸಿಟ್ಟ ಸೇಬು ಕಂದುವುದಕ್ಕೂ ಇದೇ ಕಾರಣ. ನಾಲ್ಕು ಹನಿ ನಿಂಬೆರಸ ಹಾಕಿ, ಗಾಜಿನ ಬಾಟಲಿಗೆ ಕತ್ತಿನವರೆಗೂ ತುಂಬಿ ಫ್ರಿಜ್ಜಿನಲ್ಲಿಟ್ಟರೆ ತಡವಾಗುತ್ತದೆ. ಅವತ್ತೇ ಕುಡಿದು ಮುಗಿಸಿ. ಇನ್ನೊಂದು ಐಸ್. ನೀರಿನ ಐಸ್ ಹಾಕಿದ ಎಳನೀರು ಅರ್ಧ ಲೋಟ ಮುಗಿಯುವಷ್ಟರಲ್ಲಿ ಸಪ್ಪೆ. ಅದಕ್ಕೇ ಒಂದು ಎಳನೀರನ್ನು ಐಸ್ ಟ್ರೇಗೆ ಸುರಿದು ಗಟ್ಟಿ ಮಾಡಿಟ್ಟುಕೊಳ್ಳುತ್ತೇನೆ. ಮದ್ಯ ಸೇರಿಸಿದ ಲೋಟಕ್ಕೂ ಇದೇ ಐಸ್.

ಈಗ ಮದ್ಯವಿಲ್ಲದ್ದು. ಎಳನೀರಿಗೆ ನಿಂಬೆ, ಚಿಟಿಕೆ ಉಪ್ಪು, ಜಜ್ಜಿದ ಶುಂಠಿಯ ರಸ ಅರ್ಧ ಚಮಚ. ಸಕ್ಕರೆ ಬೇಡವೇ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಹಾಗಾಗಿ ಬಿಸಿಲಲ್ಲಿ ಬೆವರಿ ಬಂದವರಿಗೆ ಆ ಚಿಟಿಕೆ ಉಪ್ಪು ಬರೀ ರುಚಿಗಲ್ಲ, ಬೇಕಾಗಿಯೂ ಇರುತ್ತದೆ. (ಕಿಡ್ನಿ ತೊಂದರೆ ಇರುವವರು ಇದೇ ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಎಳನೀರು ಕುಡಿಯಬಾರದು.) ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ಮಕ್ಕಳಿಗೆ ಖುಷಿ. ಲಾವಂಚದ ಬೇರನ್ನೂ ನೆನೆಸಿ ನೋಡಿದೆವು. ಮಡಕೆಯ ನೀರಿಗೆ ಲಾವಂಚ ಎಷ್ಟು ಚೆನ್ನವೋ ಎಳನೀರಿಗೆ ಅಷ್ಟೇ ಭಾರ, ಮಣ್ಣಿನ ಘಮ ಎದ್ದು ತೆಂಗಿನ ರುಚಿಯೇ ಕಾಣೆಯಾಗುತ್ತದೆ.

ಇದಕ್ಕೆ ಎದುರಾಗಿ ಗಂಜಿಯ ಶೇಕ್. ತೆಳು ಗಂಜಿ ಒಂದು ಬಟ್ಟಲು, ಅದರದ್ದೇ ನೀರು ಒಂದು ಲೋಟ, ಒಂದು ಏಲಕ್ಕಿ. ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿದರೆ ಯಾವ ಕೆನೆಯೂ ಹಾಕದೆ ಕೆನೆಯ ಹಾಗೆ ಬರುತ್ತದೆ. ಜ್ಯೂಸ್ ಅಂಗಡಿಗಳಲ್ಲಿ ಇದಕ್ಕೆ ಹಸುವಿನ ಹಾಲು, ಐಸ್‌ಕ್ರೀಮು ಸೇರಿಸಿ ಕೊಡುತ್ತಾರೆ, ಅದನ್ನೂ ಪಕ್ಕದಲ್ಲಿ ಮಾಡಿಟ್ಟು ನೋಡಿದ್ದೇವೆ. ಹಾಲು ಹಾಕಿದ್ದು ಮೊದಲ ಗುಟುಕಿಗೆ ಚೆನ್ನ. ಆಮೇಲೆ ಬರೀ ಹಾಲಿನ ರುಚಿ, ತೆಂಗು ಎಲ್ಲೋ ಹಿಂದೆ. ನನ್ನ ಓಟು ಹಾಲಿಲ್ಲದ್ದಕ್ಕೆ, ಮನೆಯಲ್ಲಿ ಚಿಕ್ಕವರ ಓಟು ಹಾಲಿದ್ದಕ್ಕೆ.

ಆದರೆ ಮದ್ಯವಿಲ್ಲದ್ದರಲ್ಲಿ ನನಗೆ ಎಲ್ಲಕ್ಕಿಂತ ಮೇಲು ಸೋಲ್ ಕಡಿ. ನಮ್ಮತ್ತೆ ಕುಮಟಾ ಕಡೆಯವರು, ಅವರು ಮಾಡುವ ರೀತಿಯನ್ನೇ ಹೇಳುತ್ತೇನೆ. ಏಳೆಂಟು ಒಣ ಮುರುಗಲ ಸಿಪ್ಪೆಯನ್ನು (ಮಂಗಳೂರಿನ ಪುನರ್ಪುಳಿಯೇ ಇದು) ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಕಿವುಚಬೇಕು. ಅರ್ಧ ತೆಂಗಿನಕಾಯಿ ತುರಿಗೆ ಒಂದು ಹಸಿಮೆಣಸು, ಒಂದೆರಡು ಎಸಳು ಬೆಳ್ಳುಳ್ಳಿ, ಸ್ವಲ್ಪ ಜೀರಿಗೆ. ಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ದಪ್ಪ ಹಾಲು. ಅದೇ ತುರಿಗೆ ಮತ್ತೆ ನೀರು ಹಾಕಿ ಹಿಂಡಿ ತೆಳು ಹಾಲು. ಎರಡನ್ನೂ ಸೇರಿಸಿ, ಮುರುಗಲ ರಸ ಬಿಟ್ಟು, ಉಪ್ಪು, ಕೊತ್ತಂಬರಿ ಸೊಪ್ಪು. ಒಲೆಯ ಮೇಲೆ ಇಡುವಂತಿಲ್ಲ, ಒಡೆದುಹೋಗುತ್ತದೆ. ಕೆಂಪು ರಸ ಬಿಳಿ ಹಾಲಿಗೆ ಬಿದ್ದು ಗುಲಾಬಿ ಬಣ್ಣ ತಿರುಗುವಾಗ ಸೌಟಿನಿಂದ ನಿಧಾನ ಕಲಕುತ್ತಾರೆ ಅತ್ತೆ, ಮಿಕ್ಸಿಗೆ ಮತ್ತೆ ಹಾಕಲು ಬಿಡುವುದಿಲ್ಲ. ಹುಳಿ ಸೇರಿದ ಮೇಲೆ ಹಾಲು ನಿಂತಲ್ಲೇ ಬೇರೆಯಾಗುವ ಸ್ವಭಾವದ್ದು, ಬಡಿಸುವಾಗ ಪ್ರತಿ ಲೋಟಕ್ಕೂ ಕಲಕಿ ಹಾಕಬೇಕು. ಮೀನೂಟದ ನಂತರ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಒಂದು ಎಚ್ಚರ: ಸೋಲ್ ಕಡಿಯನ್ನು ಫ್ರಿಜ್ಜಿನಲ್ಲಿ ಗಂಟೆಗಟ್ಟಲೆ ಇಡಬೇಡಿ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದನ್ನು ನೋಡಿರುತ್ತೀರಿ. ಕಾಯಿಹಾಲಿನಲ್ಲೂ ಅದೇ ಆಗುತ್ತದೆ, ಮೇಲೆ ಬಿಳಿ ಪದರ ಕಟ್ಟಿ ಬಾಯಿಗೆ ಮೇಣ ಮೇಣ ಸಿಗುತ್ತದೆ. ಮಾಡಿದ ಕೂಡಲೇ, ಹೆಚ್ಚೆಂದರೆ ಸ್ವಲ್ಪ ತಂಪಾಗಿ ಕುಡಿಯುವುದೇ ಸರಿ.

ಈ 24 ಡಿಗ್ರಿಯ ವಿಷಯ ಗೊತ್ತಾದರೆ ಮದ್ಯದ ಪಾನೀಯಗಳ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಪೀನ್ಯಾ ಕೊಲಾಡವನ್ನೇ ತಗೊಳ್ಳಿ. ಪೋರ್ಟೊ ರಿಕೊದ್ದು, 1978ರಲ್ಲಿ ಅಲ್ಲಿನ ರಾಷ್ಟ್ರೀಯ ಪಾನೀಯ ಅಂತ ಘೋಷಣೆಯಾದದ್ದು. ರಮ್, ಅನಾನಸ್, ತೆಂಗಿನ ಕೆನೆ, ಐಸ್, ಅಷ್ಟೇ. ಅಲ್ಲಿ ಬಳಸುವುದು ಡಬ್ಬಿಯಲ್ಲಿ ಬರುವ ಸಿಹಿ ಕೆನೆ, ಬೇರ್ಪಡದ ಹಾಗೆ ಅದಕ್ಕೆ ಗೋಂದಿನಂಥ ಪದಾರ್ಥಗಳನ್ನು ಸೇರಿಸಿರುತ್ತಾರೆ. ನಾವು ಮನೆಯಲ್ಲಿ ಹಿಂಡಿದ ಕಾಯಿಹಾಲಿಗೆ ಅದ್ಯಾವುದೂ ಇಲ್ಲ, ಐಸ್ ಜೊತೆ ಮಿಕ್ಸಿಗೆ ಹಾಕಿದರೆ ಕೊಬ್ಬು ಸಣ್ಣ ಸಣ್ಣ ಕಾಳಾಗಿ ತೇಲುತ್ತದೆ. ಹುಡುಕಿದರೆ ಡಬ್ಬಿ ಕೆನೆ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಬೆಲೆ ಜಾಸ್ತಿ, ಸಿಹಿಯಂತೂ ವಿಪರೀತ.

ಹಾಗಾದರೆ ಏನು ಮಾಡುವುದು? ಗಂಜಿ. ಎಳೆ ಗಂಜಿಯಲ್ಲಿ ಬಲಿತ ಕಾಯಿಗಿಂತ ಕೊಬ್ಬು ಬಹಳ ಕಡಿಮೆ, ಹಾಗಾಗಿ ಎಷ್ಟು ತಣ್ಣಗಾದರೂ ಕಾಳುಗಟ್ಟುವುದಿಲ್ಲ. ಐಸ್ ಬದಲು ಅನಾನಸ್ಸನ್ನೇ ತುಂಡು ಮಾಡಿ ರಾತ್ರಿ ಫ್ರೀಜರಿನಲ್ಲಿಡಿ. ಬನವಾಸಿ ಕಡೆಯ ಹಣ್ಣು ಸಿಕ್ಕಿದರೆ ಸಕ್ಕರೆಯ ಯೋಚನೆಯೇ ಬೇಡ. ಗಂಜಿ ಒಂದು ಬಟ್ಟಲು, ಅನಾನಸ್ ಒಂದು ಬಟ್ಟಲು, ಎಳನೀರು ಮುಕ್ಕಾಲು ಲೋಟ, ಅರ್ಧ ನಿಂಬೆಹಣ್ಣಿನ ರಸ. ಮಿಕ್ಸಿಯಿಂದ ಸುರಿಯುವಾಗ ನಿಧಾನವಾಗಿ, ಒಂದೇ ಧಾರೆಯಾಗಿ ಇಳಿಯಬೇಕು. ತೊಟತೊಟ ಬಿದ್ದರೆ ಎಳನೀರು ಇನ್ನಷ್ಟು ಹಾಕಿ. ಇದು ಎರಡು ಲೋಟಕ್ಕೆ ಸಾಕು, ಮದ್ಯ ಬೇಕಾದವರ ಲೋಟಕ್ಕೆ ಬಿಳಿ ರಮ್ 45 ಮಿಲಿ. ಡಬ್ಬಿ ಕೆನೆಯದ್ದು, ಮನೆಯ ಕಾಯಿಹಾಲಿನದ್ದು, ಗಂಜಿಯದ್ದು ಮೂರನ್ನೂ ಪಕ್ಕಪಕ್ಕ ಇಟ್ಟು ಸ್ನೇಹಿತರಿಗೆ ಕೊಟ್ಟಾಗ ಗಂಜಿಯ ಲೋಟವೇ ಮೊದಲು ಖಾಲಿಯಾಯಿತು. ಹಸುವಿನ ಹಾಲನ್ನು ಮಾತ್ರ ಇದಕ್ಕೆ ಸೇರಿಸಲೇಬೇಡಿ, ಹಸಿ ಅನಾನಸ್ ಸೇರಿದ ಹಾಲು ಸ್ವಲ್ಪ ಹೊತ್ತಿಗೇ ಕಹಿಯಾಗುತ್ತದೆ.

ಮದ್ಯಗಳನ್ನು ಬರೀ ಎಳನೀರಿನ ಜೊತೆ ಒಂದೊಂದಾಗಿ ಹೋಲಿಸಿದ್ದೂ ಹೇಳುತ್ತೇನೆ. ಅಳತೆ ಎಲ್ಲದಕ್ಕೂ ಒಂದೇ, ಸಣ್ಣ ಪೆಗ್ ಅಂದರೆ 30 ಮಿಲಿ, ಅದಕ್ಕೆ 150 ಮಿಲಿ ಎಳನೀರು. ಬಿಳಿ ರಮ್ ಮೊದಲನೆಯದು, ಅನುಮಾನವೇ ಇಲ್ಲ. ಕಬ್ಬಿನ ಸಣ್ಣ ಸಿಹಿ ಎಳನೀರಿನ ಸಿಹಿಗೆ ಸೇರಿಕೊಳ್ಳುತ್ತದೆ, ನಿಂಬೆ ಎರಡನ್ನೂ ಎತ್ತಿ ಹಿಡಿಯುತ್ತದೆ. ಜಿನ್ ಎರಡನೆಯದು, ನಾಲ್ಕು ಬಿಲ್ಲೆ ಸೌತೆಕಾಯಿ ಹಾಕಿದರೆ ಮಾತ್ರ. ಅದಿಲ್ಲದಿದ್ದರೆ ಜಿನ್ನಿನ ಮೂಲಿಕೆಯ ವಾಸನೆ ಒಂದು ಕಡೆ, ಎಳನೀರು ಇನ್ನೊಂದು ಕಡೆ. ವೋಡ್ಕಾ ಹಾಕಿದರೆ ಕೆಡುವುದೂ ಇಲ್ಲ, ಏನೂ ಸೇರುವುದೂ ಇಲ್ಲ. ಅಷ್ಟಕ್ಕೆ ಯಾಕೆ ಹಾಕಬೇಕು ಅನಿಸುತ್ತದೆ. ತೆಂಗಿನ ರುಚಿಯ ಸಿಹಿ ಮದ್ಯ ಮಾಲಿಬು ಸಿಗುತ್ತದಲ್ಲ, 21 ಶೇಕಡಾ ಆಲ್ಕೋಹಾಲ್ ಇರುವಂಥದ್ದು, ಅದನ್ನು ನಿಜವಾದ ಎಳನೀರಿಗೆ ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪೆಪ್ಪರಮೆಂಟಿನಂಥ ಸಿಹಿ ಘಮ ಮುಂದೆ ಬಂದು ಎಳನೀರನ್ನು ಹಿಂದಕ್ಕೆ ತಳ್ಳುತ್ತದೆ. ಅನಾನಸ್ ರಸ ಮಾತ್ರ ಇದ್ದು ತೆಂಗೇ ಇಲ್ಲದ ದಿನ ಅದನ್ನು ಬಳಸಿ.

ಗೋವಾದಿಂದ ಯಾರಾದರೂ ತೆಂಗಿನ ಫೆನಿ ತಂದುಕೊಟ್ಟರೆ ಅದರ ಲೆಕ್ಕವೇ ಬೇರೆ. ಗೇರುಹಣ್ಣಿನ ಫೆನಿಯಷ್ಟು ಇದು ಹೆಸರು ಮಾಡಿಲ್ಲ, ತೆಂಗಿನ ಶೇಂದಿಯನ್ನು ಭಟ್ಟಿ ಇಳಿಸಿ ತೆಗೆಯುವುದು. ವಾಸನೆ ಜೋರು. 30 ಮಿಲಿ ಬೇಡ, 20 ಸಾಕು. ಜೊತೆಗೆ ಉಪ್ಪು, ನಿಂಬೆ, ಉದ್ದಕ್ಕೆ ಸೀಳಿದ ಒಂದು ಹಸಿಮೆಣಸು ಇರಲೇಬೇಕು. ಇಷ್ಟಪಡುವವರು ಬಹಳ ಇಷ್ಟಪಡುತ್ತಾರೆ, ಉಳಿದವರು ಮೂಸಿ ಕೆಳಗಿಡುತ್ತಾರೆ. ನಾನು ಇಷ್ಟಪಡುವವರ ಕಡೆ.

ಕಪ್ಪು ರಮ್ ಎಳನೀರಿಗೆ ಬೇಡ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಸಿಗುವುದು ಓಲ್ಡ್ ಮಾಂಕ್, ಆದರೆ ಅದರ ಸುಟ್ಟ ಸಕ್ಕರೆಯ ರುಚಿಯ ಕೆಳಗೆ ಎಳನೀರು ಪೂರ್ತಿ ಮುಳುಗುತ್ತದೆ. ಅದನ್ನು ಕಾಯಿಹಾಲಿಗೆ ಹಾಕಿ ನೋಡಿ. ಒತ್ತುಶಾವಿಗೆಗೆ ಮಾಡುತ್ತೇವಲ್ಲ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು, ಅದೇ. ಸ್ವಲ್ಪ ತೆಳ್ಳಗೆ ಮಾಡಿ, ಒಂದು ಲೋಟಕ್ಕೆ 30 ಮಿಲಿ ಕಪ್ಪು ರಮ್, ಮೇಲೆ ಜಾಯಿಕಾಯಿ ತುರಿದು ಒಂದು ಚಿಟಿಕೆ. ಐಸ್ ಹಾಕಬೇಡಿ, ಕಾರಣ ಮೇಲೆ ಹೇಳಿದ್ದೇ. ಮಳೆಗಾಲದ ಸಂಜೆಗೆ ಇದರಷ್ಟು ಹಿತವಾದ ಲೋಟ ಇನ್ನೊಂದಿಲ್ಲ. ಬಿಳಿ ರಮ್ಮನ್ನೂ ಇದೇ ಕಾಯಿಹಾಲಿಗೆ ಹಾಕಿ ಹೋಲಿಸಿದೆ, ಬೆಲ್ಲದ ಮುಂದೆ ಅದರ ಸುಳಿವೇ ಇಲ್ಲ.

ನೀರಾ ಬಗ್ಗೆಯೂ ಒಂದು ಮಾತು. ತೆಂಗಿನ ಹೊಂಬಾಳೆಯಿಂದ ಇಳಿಸುವ ಆ ಸಿಹಿರಸವನ್ನು ಮನೆಯಲ್ಲಿ ಮಾಡುವ ಹಾಗಿಲ್ಲ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಐಸ್ ಪೆಟ್ಟಿಗೆ ಕಟ್ಟಿ ತಣ್ಣಗೇ ಇಳಿಸುವ ವಿಧಾನ ಮಾಡಿ ಅದಕ್ಕೆ ಕಲ್ಪರಸ ಅಂತ ಹೆಸರಿಟ್ಟಿದ್ದಾರೆ. ತಣ್ಣಗಿಡದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿ ಬಂದು ಶೇಂದಿಯಾಗುವ ರಸ ಅದು. ಸಿಕ್ಕಿದರೆ ಹಾಗೇ ಕುಡಿಯಿರಿ. ನಿಂಬೆಯೂ ಬೇಡ, ರಮ್ಮೂ ಬೇಡ.

ಮನೆಗೆ ಬಂದವರಲ್ಲಿ ಕುಡಿಯುವವರೂ ಕುಡಿಯದವರೂ ಇರುತ್ತಾರಲ್ಲ, ಆಗ ಎರಡು ಬಗೆ ಮಾಡುತ್ತಾ ಅಡುಗೆಮನೆಯಲ್ಲೇ ಕಳೆಯುವುದು ಬೇಡ. ಗಂಜಿ-ಅನಾನಸ್ಸಿನ ಜಗ್ಗನ್ನು ಮದ್ಯವಿಲ್ಲದೆಯೇ ಪೂರ್ತಿ ತಯಾರಿಸಿ, ರಮ್ಮನ್ನು ಬೇಕಾದವರ ಲೋಟಕ್ಕೆ ಮಾತ್ರ ಕೊನೆಯಲ್ಲಿ ಅಳೆದು ಹಾಕಿ. ಮದ್ಯವಿಲ್ಲದ ಲೋಟ ಸ್ವಲ್ಪ ಮೊಂಡಾಗಿ ಕಾಣುತ್ತದೆ, ರಮ್ಮಿನ ಖಾರ ಇಲ್ಲದ್ದಕ್ಕೆ. ಅದಕ್ಕೆ ಇನ್ನೊಂದಿಷ್ಟು ನಿಂಬೆ, ಚಿಟಿಕೆ ಉಪ್ಪು, ಎರಡು ಹನಿ ಶುಂಠಿರಸ ಹಾಕಿದರೆ ಸರಿಹೋಗುತ್ತದೆ. ಅಂದಹಾಗೆ ಎಳನೀರಿನಲ್ಲಿ ಬೆರೆಸಿ ಕುಡಿದರೆ ತಲೆಗೇರುವುದಿಲ್ಲ ಅಂತ ಹೇಳುವವರಿದ್ದಾರೆ, ನಂಬಬೇಡಿ. ಸಿಹಿಯಾಗಿ ಸಲೀಸಾಗಿ ಇಳಿಯುವುದರಿಂದ ಜಾಸ್ತಿಯಾಗುವ ಸಾಧ್ಯತೆಯೇ ಹೆಚ್ಚು. ಅಳೆದು ಹಾಕಿ, ಗಾಡಿ ಓಡಿಸಿಕೊಂಡು ಬಂದವರಿಗೆ ಮದ್ಯವಿಲ್ಲದ ಲೋಟವನ್ನೇ ಕೊಡಿ. ಕಾಯಿಹಾಲು ಹಿಂಡಿ ಉಳಿದ ತುರಿಯನ್ನು ಎಸೆಯಬೇಡಿ, ಬಾಣಲೆಯಲ್ಲಿ ಬೆಚ್ಚಗೆ ಹುರಿದಿಟ್ಟರೆ ಮರುದಿನ ಚಟ್ನಿಪುಡಿಗೆ ಆಗುತ್ತದೆ.