ಒಟಿಪಿ ಕೇಳದ ಔಷಧಿ ಅಂಗಡಿಗೆ ಕಾರ್ಡ್ ನಂಬರ್ ಕೊಡಬೇಡಿ

₹84. ಮೊದಲು ಹೋಗಿದ್ದು ಇಷ್ಟೇ. ಎಸ್ಸೆಮ್ಮೆಸ್ ಚಾರ್ಜೋ, ಕಾರ್ಡಿನ ವರ್ಷದ ಶುಲ್ಕವೋ ಬ್ಯಾಂಕಿನವರು ಹಿಡಿದಿರಬೇಕು ಅಂತ ಸುಮ್ಮನಾದೆ. ಎರಡು ವಾರ ಕಳೆಯುವಷ್ಟರಲ್ಲಿ ಖಾತೆಯಿಂದ ಒಟ್ಟು ₹24,599 ಹೋಗಿತ್ತು. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಲಿಕ್ಕೆ, ಕೂಲಿಗೆ ಅಂತ ಅಡಿಕೆ ಮಾರಿ ಇಟ್ಟಿದ್ದ ದುಡ್ಡು ಅದು. ನಮ್ಮ ಕಡೆಯ ಇನ್ನೊಂದು ಮನೆಗೆ ಹೀಗಾಗಬಾರದು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

2024ರ ಜುಲೈ. ಆ ಮಳೆ ಇಲ್ಲಿಯವರಿಗೆಲ್ಲ ನೆನಪಿರುತ್ತದೆ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗಿನ ಊರು. ಅಪ್ಪಯ್ಯನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ಆಗ ಐದು ತಿಂಗಳು. ದಿನಕ್ಕೆ ಐದು ಥರದ ಮಾತ್ರೆ, ತಿಂಗಳಿಗೆ ಎರಡು ಸಾವಿರದ ಮೇಲೆ ಖರ್ಚು. ಮಾತ್ರೆ ಮುಗಿಯುತ್ತಾ ಬಂದಿತ್ತು. ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತ್ತು. ಅಂಥ ಹೊತ್ತಿನಲ್ಲಿ ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಹೃದಯದ ಔಷಧಿ ಅರ್ಧ ಬೆಲೆಗೆ, ಮನೆ ಬಾಗಿಲಿಗೆ, ವೈದ್ಯರ ಚೀಟಿ ಇಲ್ಲದಿದ್ದರೂ ಪರವಾಗಿಲ್ಲ.

ಆ ಕೊನೆಯ ಮಾತನ್ನು ಓದಿದಾಗಲೇ ನಾನು ನಿಲ್ಲಬೇಕಿತ್ತು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ, ಆರ್‌ಎಕ್ಸ್ ಗುರುತು ಇರುತ್ತದಲ್ಲ, ಅಂಥದ್ದನ್ನು ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ನಮ್ಮ ಪೇಟೆಯ ಮೆಡಿಕಲ್ ಶಾಪ್‌ಗಳಲ್ಲಿ ಫಾರಂ 20, ಫಾರಂ 21 ಅಂತ ಲೈಸೆನ್ಸ್ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಈ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರ್ ಇರಲಿಲ್ಲ, ವಿಳಾಸ ಇರಲಿಲ್ಲ, ಫಾರ್ಮಸಿಸ್ಟ್ ಯಾರು ಅಂತಲೂ ಇರಲಿಲ್ಲ. ಬೆಲೆ ಮಾತ್ರ ರೂಪಾಯಿಯಲ್ಲಿ ಇತ್ತು. ಹಾಗಾಗಿ ಇಲ್ಲಿಯದೇ ಅಂಗಡಿ ಅಂತ ನಂಬಿದೆ. ಅಪ್ಪಯ್ಯನ ಚೀಟಿಯ ಫೋಟೋ ಹಾಕಿದೆ. ಡೆಬಿಟ್ ಕಾರ್ಡಿನ ನಂಬರ್, ಅದರ ಹಿಂಬದಿಯಲ್ಲಿರುವ ಮೂರಂಕಿ ತುಂಬಿ ₹1,140 ಕಟ್ಟಿದೆ.

ಒಟಿಪಿ ಬರಲೇ ಇಲ್ಲ. ಹಣ ಸಂದಾಯವಾಗಿದೆ ಅಂತ ನೇರವಾಗಿ ತೋರಿಸಿತು. ಇಡೀ ಕತೆಯಲ್ಲಿ ಇದನ್ನೊಂದು ದಯವಿಟ್ಟು ನೆನಪಿಟ್ಟುಕೊಳ್ಳಿ. ನಮ್ಮ ದೇಶದೊಳಗಿನ ಅಂಗಡಿಗೆ ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿದರೆ ಸಾಮಾನ್ಯವಾಗಿ ಒಟಿಪಿ ಬಂದೇ ಬರುತ್ತದೆ. ಹೊರದೇಶದ ವ್ಯಾಪಾರಿ ಹಣ ಎಳೆಯುವಾಗ ಕಾರ್ಡ್ ನಂಬರ್, ಆ ಮೂರಂಕಿ ಇದ್ದರೆ ಒಟಿಪಿ ಇಲ್ಲದೆಯೂ ಎಳೆಯಬಹುದು. ನನ್ನ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿತ್ತು. ತಂಗಿಯ ಒಂದು ಪರೀಕ್ಷೆಯ ಶುಲ್ಕ ಕಟ್ಟಲು ಎರಡು ವರ್ಷದ ಹಿಂದೆ ನಾನೇ ಆನ್ ಮಾಡಿ, ಹಾಗೇ ಬಿಟ್ಟಿದ್ದೆ. 2020ರ ಮಾರ್ಚ್‌ನಿಂದ ಈಚೆಗೆ ಕೊಟ್ಟ ಕಾರ್ಡುಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ, ಬೇಕಾದವರು ಆನ್ ಮಾಡಿಕೊಳ್ಳಬೇಕು. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಈಗಲೇ ಒಮ್ಮೆ ನೋಡಿ. ಮನೆಯಲ್ಲಿ ಹಿರಿಯರ ಕಾರ್ಡ್ ಇದ್ದರೆ ಅದನ್ನೂ ನೋಡಿ.

ನಾಲ್ಕನೇ ದಿನ ಆ ₹84 ಹೋಯಿತು. ಎರಡು ದಿನ ಬಿಟ್ಟು ₹420. ಎರಡಕ್ಕೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಹೆಸರು. ಸಣ್ಣ ಮೊತ್ತ ಹಾಕಿ ಕಾರ್ಡ್ ನಡೆಯುತ್ತದಾ, ಈ ಮನೆಯವರು ಮೆಸೇಜ್ ನೋಡುತ್ತಾರಾ ಅಂತ ಪರೀಕ್ಷೆ ಮಾಡುವುದು ಇವರ ದಾರಿ ಅಂತ ನನಗೆ ಆಗ ಗೊತ್ತಿರಲಿಲ್ಲ. ಆ ₹84ರ ದಿನವೇ ಕಾರ್ಡ್ ಬ್ಲಾಕ್ ಮಾಡಿದ್ದರೆ ಉಳಿದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ.

ಆಮೇಲೆ ಗಾಳಿಗೆ ಲೈನ್ ಹರಿದು ಎರಡು ದಿನ ಕರೆಂಟ್ ಇಲ್ಲ. ಟವರ್ ಕೂಡ ಸತ್ತಿತ್ತು. ಮೂರನೇ ದಿನ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದೆ, ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ₹9,640. ಮತ್ತೆ ₹9,640. ₹4,815. ಮೂರೂ ಹಿಂದಿನ ದಿನ ನಡುರಾತ್ರಿ ಎರಡು ಗಂಟೆ ಹೊತ್ತಿಗೆ ಹೋಗಿದ್ದವು. ಕೈಯಲ್ಲಿದ್ದ ಸೌದೆ ಹಾಗೇ ಕೆಳಗೆ ಬಿತ್ತು.

ಮನೆ ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಕೊಡೆ ಹಿಡಿದು ಅಲ್ಲಿಗೆ ಓಡಿದೆ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೇ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ, ದೂರಿನ ನಂಬರ್ ಬರೆದುಕೊಂಡೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋಗಬೇಡಿ, ಅಲ್ಲಿಯೂ ಕಳ್ಳರೇ ಕೂತಿರುತ್ತಾರೆ. ಅಲ್ಲಿಂದಲೇ 1930ಕ್ಕೆ ಮಾಡಿದೆ. ಸೈಬರ್ ವಂಚನೆಗೆ ಅಂತಲೇ ಇರುವ ಸಹಾಯವಾಣಿ ಅದು. ಅವರು ಕೊಟ್ಟ ದೂರಿನ ಸಂಖ್ಯೆ ಆಮೇಲೆ ಎಲ್ಲ ಕಡೆ ಬೇಕಾಯಿತು. ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಆದರೆ ಅಲ್ಲಿಗೆ ಹೋಗಿಯೇ ದೂರು ಕೊಡುತ್ತೇನೆ ಅಂತ ಕಾಯುತ್ತಾ ಕೂರಬೇಡಿ, ಮೊದಲು ಫೋನ್ ಮಾಡಿ.

ಬ್ಯಾಂಕಿನಲ್ಲಿ ಸಿಕ್ಕಿದ ಮೊದಲ ಉತ್ತರ ಹೀಗಿತ್ತು: "ನಂಬರ್ ನೀವೇ ಕೊಟ್ಟಿದ್ದಲ್ವಾ ಮೇಡಂ, ನಾವೇನು ಮಾಡೋಕಾಗುತ್ತೆ?"

ಇಲ್ಲಿ ಬಹಳ ಜನ ವಾಪಸ್ ಬಂದುಬಿಡುತ್ತಾರೆ. ನಾನೂ ಬರುತ್ತಿದ್ದೆ. ಶಿವಮೊಗ್ಗದಲ್ಲಿರುವ ತಂಗಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಫೋನಿಗೆ ಕಳಿಸಿದ್ದಳು. ಆಗಿನ ನಿಯಮ ಅದರಲ್ಲಿ ಹೀಗಿತ್ತು: ನಮ್ಮ ಅನುಮತಿ ಇಲ್ಲದೆ ಹೊರಗಿನವರು ಹಣ ಎಳೆದಿದ್ದು, ತಪ್ಪು ನಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಹೊರಿಸುವ ಹಾಗಿಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿವರೆಗಿನ ಹೊರೆ ನಮ್ಮದು. ನಮ್ಮ ಅಜಾಗರೂಕತೆಯಿಂದಲೇ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಆದರೆ ಅದನ್ನು ಸಾಬೀತು ಮಾಡಬೇಕಾದವರು ಬ್ಯಾಂಕಿನವರು. ಇನ್ನೊಂದು ಮಾತು, ಮಲೆನಾಡಿನವರು ಗಮನಿಸಬೇಕಾದ್ದು: ದಿನದ ಲೆಕ್ಕ ಶುರುವಾಗುವುದು ಬ್ಯಾಂಕಿನ ಮೆಸೇಜ್ ನಮಗೆ ಸಿಕ್ಕಿದ ಮೇಲೆ. ಟವರ್ ಇಲ್ಲದೆ ಮೆಸೇಜ್ ತಡವಾದದ್ದನ್ನು ನಾನು ಅರ್ಜಿಯಲ್ಲಿ ಬರೆದೆ. "₹1,140ಕ್ಕೆ ಮಾತ್ರ ನಾನು ಒಪ್ಪಿದ್ದೆ, ಉಳಿದ ಐದಕ್ಕೂ ಒಪ್ಪಿಲ್ಲ" ಅಂತ ಒಂದೊಂದರ ದಿನ, ಮೊತ್ತ ಬರೆದು ಡಿಸ್ಪ್ಯೂಟ್ ಫಾರಂ ತುಂಬಿದೆ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಹೊರಗೆ ಬಂದೆ.

ದೂರು ಕೊಟ್ಟ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು ಅಂತ ಅದೇ ಸುತ್ತೋಲೆಯಲ್ಲಿತ್ತು. ಒಂಬತ್ತನೇ ದಿನ ದೊಡ್ಡ ಮೂರು ಮೊತ್ತ ಬಂತು. ಎರಡು ತಿಂಗಳ ಮೇಲೆ ಅದು ನನ್ನದೇ ಅಂತ ಖಾತ್ರಿಯಾಯಿತು. ₹84 ಮತ್ತು ₹420 ಬರಲಿಲ್ಲ, ತಿಳಿಸಿದ್ದು ತಡವಾಯಿತು ಅಂದರು. ಬ್ಯಾಂಕು ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಒಪ್ಪದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ, ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಿಸಲು 14448 ಇದೆ.

ಇದರ ಮಧ್ಯೆ ಒಬ್ಬ ಫೋನ್ ಮಾಡಿದ. ಔಷಧಿ ಕಂಪನಿಯವನಂತೆ. ಅಪ್ಪಯ್ಯನ ಹೆಸರು, ವಯಸ್ಸು, ಐದೂ ಮಾತ್ರೆಗಳ ಹೆಸರು, ಎಲ್ಲ ಹೇಳಿದ. ಹಣ ವಾಪಸ್ ಕೊಡುತ್ತೇವೆ, ಒಂದು ಆ್ಯಪ್ ಹಾಕಿಕೊಳ್ಳಿ, ಪರದೆ ನಮಗೆ ಕಾಣಬೇಕು ಅಂದ. ನನ್ನ ಮೈ ತಣ್ಣಗಾಯಿತು. ಆ ಚೀಟಿಯ ಫೋಟೋ ನಾನೇ ಕಳಿಸಿದ್ದು. ಇಷ್ಟೆಲ್ಲ ಗೊತ್ತಿರುವವನು ನಿಜವಾದ ಕಂಪನಿಯವನೇ ಇರಬೇಕು ಅಂತ ವಯಸ್ಸಾದವರು ನಂಬಿಬಿಡುತ್ತಾರೆ. ಫೋನ್ ಇಟ್ಟೆ. ಇನ್ನು ಆ ಥರ ಯಾರಾದರೂ ಮಾತಾಡಿದರೆ ನನ್ನನ್ನು ಕರೆಯಿರಿ ಅಂತ ಅಪ್ಪಯ್ಯನಿಗೂ ಹೇಳಿಟ್ಟೆ.

ಹನ್ನೆರಡನೇ ದಿನ ಮಾತ್ರೆಯೂ ಬಂದಿತ್ತು. ಅದೇ ನನ್ನನ್ನು ಜಾಸ್ತಿ ಹೆದರಿಸಿದ್ದು. ಬಿಳಿ ಕವರು, ಒಳಗೆ ಪಟ್ಟಿಗಳು, ಬಿಲ್ ಇಲ್ಲ. ಪಟ್ಟಿಯ ಅಂಚಿನಲ್ಲಿ ಬ್ಯಾಚ್ ನಂಬರ್ ಇರಬೇಕಾದ ಜಾಗದಲ್ಲಿ ಶಾಯಿ ಕದಡಿದ ಕಲೆ. ಎಕ್ಸ್‌ಪೈರಿ ದಿನಾಂಕ ಇಲ್ಲ. ಒತ್ತಿದರೆ ಮಾತ್ರೆ ಹಿಟ್ಟಿನ ಹಾಗೆ ಪುಡಿಯಾಗಿ ಬೀಳುತ್ತಿತ್ತು. ತೀರ್ಥಹಳ್ಳಿಯ ಮೆಡಿಕಲ್ ಶಾಪಿನವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ನೋಡಿದರು. "ಇದನ್ನ ಅಪ್ಪಯ್ಯಂಗೆ ಕೊಡ್ಬೇಡಿ ಅಕ್ಕಾ" ಅಂದರು, ಅಷ್ಟೇ. ಅಪ್ಪಯ್ಯನ ಕ್ಲೋಪಿಡೋಗ್ರೆಲ್ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆ. ಸ್ಟೆಂಟ್ ಹಾಕಿದವರು ವೈದ್ಯರು ಹೇಳದೆ ಅದನ್ನು ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಅಪ್ಪಯ್ಯ ಆ ಸುಣ್ಣದ ಪುಡಿಯನ್ನು ನಂಬಿ ದಿನಾ ನುಂಗಿದ್ದರೆ? ಹೋದ ದುಡ್ಡಿಗಿಂತ ಈ ಯೋಚನೆಗೇ ಈಗಲೂ ನಿದ್ದೆ ಬರುವುದಿಲ್ಲ.

ಆ ತಿಂಗಳು ಮಾತ್ರೆ ತಪ್ಪದ ಹಾಗೆ ಉಳಿಸಿದ್ದು ಪಕ್ಕದ ಮನೆಯ ಅಣ್ಣಯ್ಯ. ಬಿದ್ದ ಮರ ದಾಟಿ, ಬೈಕಿನಲ್ಲಿ ಹೋಗಿ ತಂದುಕೊಟ್ಟರು. ಈಗ ವೈದ್ಯರನ್ನು ಕೇಳಿ, ಶಿವಮೊಗ್ಗದ ಜನೌಷಧಿ ಕೇಂದ್ರದಲ್ಲಿ ಸಿಗುವಷ್ಟನ್ನು ಅಲ್ಲೇ ಕೊಳ್ಳುತ್ತೇವೆ. ಖರ್ಚು ಅರ್ಧಕ್ಕಿಂತ ಕಡಿಮೆಯಾಗಿದೆ. ತಂಗಿ ಬಿಲ್ ಸಮೇತ ಕಟ್ಟಿ ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತಾಳೆ, ನಾನು ಸ್ಟಾಪಿಗೆ ಹೋಗಿ ಇಳಿಸಿಕೊಳ್ಳುತ್ತೇನೆ. ಬ್ಯಾಂಕಿಗೆ ಕೊಟ್ಟ ಅರ್ಜಿಯ ನಕಲು ನನ್ನ ಹತ್ತಿರ ಇದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ನಾಚಿಕೊಳ್ಳದೆ ಕೇಳಿ, ಕಳಿಸುತ್ತೇನೆ.